ವಿಠ್ಠಲ ಮಾಸ್ತರರ ರಾಣಿ

ಗಂಗಾರಾಮ ಮಗ್ಗದ ಕುಣಿಯಿಂದ ಎದ್ದವನೇ ಓಡಿ ಬಂದಿದ್ದ. ಉಟ್ಟ ಸೀರೆಯ ನಿರಿಗೆಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬನಹಟ್ಟಿಯ ಆ ಇಕ್ಕಟ್ಟು ಓಣಿಯನ್ನು ಒಂದೇ ಉಸಿರಿಗೆ ದಾಟಿ, ವಿಠ್ಠಲ ಮಾಸ್ತರರ ಮನೆಯ ಹೊಸ್ತಿಲ ಮೇಲೆ ಕಾಲಿಡುವಾಗ ಮಾತ್ರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡ. ಪಡಸಾಲೆಯಲ್ಲಿ ಮಾಸ್ತರರ ಹೆಣದ ಸುತ್ತ ಕೂತಿದ್ದ ಹೆಂಗಸರು, ಯಾರೋ ಪರವೂರಿನ ಬಳಗದವಳು ಬಂದಳೆಂದು ಸರಿದು ಜಾಗ ಕೊಟ್ಟರು. ಅವನು ಕೂತೂ ಬಿಟ್ಟ. ಮೊಣಕಾಲಿನ ನಡುವೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ.

ಪಕ್ಕದ ಮುದುಕಿ ಅವನ ಬೆನ್ನ ಮೇಲೆ ಕೈಯಾಡಿಸಿದಳು. "ಸುಮ್ಮನಿರು ನನ್ನವ್ವಾ, ಸುಮ್ಮನಿರು."

"ಅದು ಅವ್ವ ಅಲ್ಲ ಬೇ ಆಯಿ" ಅಂದಳು ಎದುರಿಗೆ ಕೂತಿದ್ದ ತಂಗೆವ್ವ, ಅಳುತ್ತಲೇ. "ನನ್ನ ಗಂಡ."

ಮುದುಕಿ ಬೆಂಕಿ ಮುಟ್ಟಿದವಳ ಹಾಗೆ ಕೈ ತೆಗೆದಳು.

"ಲೇ, ಎದ್ದು ಗಂಡಸರ ಕಡೆ ಹೋಗು" ತಂಗೆವ್ವ ಪಿಸುಗುಟ್ಟಿದಳು.

"ಸೀರಿ ಉಟಗೊಂಡು ಗಂಡಸರ ನಡಬರಕ ಹೆಂಗ ಹೋಗಲೆ?"

"ಬಿಚ್ಚಿ ಬರಬೇಕಿಲ್ಲ?"

"ಬಿಚ್ಚಿದರ ಒಳಗ ಏನೈತಿ ಅಂತ ನಿನಗ ಗೊತ್ತಿಲ್ಲೇನು? ಲಂಗೋಟಿ ಅಷ್ಟ ಐತಿ."

ಹೆಣದ ತಲೆಯ ಬಳಿ ಕೂತಿದ್ದ ಮಾಸ್ತರರ ಹೆಂಡತಿ ಇಂದಿರಾಬಾಯಿಗೆ ಇದೆಲ್ಲ ಕೇಳಿಸಿತು. ಹೊಟ್ಟೆಯೊಳಗಿಂದ ನಗೆಯೊಂದು ಬುಗ್ಗೆಯ ಹಾಗೆ ಎದ್ದು ಬಂದು ಗಂಟಲಲ್ಲಿ ನಿಂತಿತು. ಎಂಥ ಹೊತ್ತಿನಲ್ಲಿ! ಸೆರಗನ್ನು ಬಾಯಿಗೆ ಒತ್ತಿಕೊಂಡು ಬಗ್ಗಿದಳು. ಭುಜ ಅಲುಗಿದ್ದನ್ನು ಕಂಡ ಹೆಂಗಸರು ಆಕೆಗೆ ದುಃಖ ತಡೆಯಲಾಗಲಿಲ್ಲವೆಂದು ತಿಳಿದು, ಇನ್ನಷ್ಟು ದನಿ ಎತ್ತಿ ಅತ್ತರು. ಮಾಸ್ತರರು ಎದ್ದು ಕೂತಿದ್ದರೆ ನಾಟಕದಲ್ಲಿ ಈ ಪ್ರವೇಶವನ್ನು ಹಾಗೇ ಇಟ್ಟುಕೊಳ್ಳಿರೆಂದು ಹೇಳುತ್ತಿದ್ದರು ಅನ್ನಿಸಿತು ಆಕೆಗೆ.

ಸೀರೆಯ ತಪ್ಪು ಗಂಗಾರಾಮನದಲ್ಲ. ಅದು ಮಾಸ್ತರರ ಅಪ್ಪಣೆ. ಅವರ ನಾಟಕದಲ್ಲಿ ರಾಣಿಯ ಪಾರ್ಟು ಮಾಡುವವನು, ಪ್ರಯೋಗಕ್ಕೆ ಎರಡು ತಿಂಗಳಿರುವಾಗಲೇ ಮುಂಜಾನೆ ಎದ್ದ ಕೂಡಲೆ ಸೀರೆ ಉಡಬೇಕು. ಅದರಲ್ಲೇ ಕಸ ಹೊಡೆಯಬೇಕು, ನೀರು ತರಬೇಕು, ಮಗ್ಗದಲ್ಲಿ ಕೂಡಬೇಕು. ಮಧ್ಯಾಹ್ನದ ಊಟಕ್ಕೇ ಬಿಚ್ಚುವುದು. ಮೊದಲ ವಾರ ಓಣಿಯ ಹುಡುಗರೆಲ್ಲ ಹಿಂದೆ ಬಿದ್ದು ಕೇಕೆ ಹಾಕಿದ್ದರು. "ನಗಲಿ ಬಿಡು" ಅಂದಿದ್ದರು ಮಾಸ್ತರರು. "ನಗೋದು ಯಾವತ್ತು ನಿಂತೀತು, ಆವತ್ತು ಬಂದು ನನಗ ಹೇಳು. ಆವತ್ತಿನಿಂದ ನೀ ರಾಣಿ." ಹುಡುಗರು ನಗುವುದನ್ನು ಮರೆತು ಆಗಲೇ ಹತ್ತು ದಿನವಾಗಿತ್ತು.

ಹೋದದ್ದೂ ಎಷ್ಟು ಸದ್ದಿಲ್ಲದೆ. ನಸುಕಿನಲ್ಲಿ ಎದ್ದು ಚಹಾ ಕುಡಿದರು. "ಇವತ್ತ ಛಳಿ ಕಮ್ಮಿ ಅದ" ಅಂದರು. ಬಟ್ಟಲು ಕೆಳಗಿಟ್ಟು ಗೋಡೆಗೆ ಒರಗಿದರು. ಇಂದಿರಾಬಾಯಿ ಒಲೆಯ ಉರಿ ಸಣ್ಣ ಮಾಡಿ ತಿರುಗಿ ನೋಡುವುದರಲ್ಲಿ ಮಾತಿಲ್ಲ. ಅತ್ತಿದ್ದಳು, ಕೂಗಿದ್ದಳು. ಆದರೆ ಒಳಗೊಳಗೆ ಆಕೆಗೆ, ಈ ಮನುಷ್ಯ ಬದುಕಿದ್ದು ಹೇಗೋ ಹೋದದ್ದೂ ಹಾಗೇ, ಯಾರಿಗೂ ತ್ರಾಸು ಕೊಡದೆ, ಎಂಬ ಒಂದು ಸಮಾಧಾನವೂ ಇತ್ತು. ಎದೆಯಲ್ಲಿ ಕುಟ್ಟುತ್ತಿದ್ದುದು ಬೇರೆ. ಜಮಖಂಡಿಯಿಂದ ಬಸ್ಸು ಬರುವ ಹೊತ್ತಾಗಿತ್ತು. ಅದರಲ್ಲಿ ಗಂಡನ ಅಣ್ಣ, ಭಾವನವರು ಬರುತ್ತಾರೆ. ಬಂದು ಏನು ಹೇಳುತ್ತಾರೆಂಬುದೂ ಆಕೆಗೆ ಗೊತ್ತಿತ್ತು.

ಮಕ್ಕಳಿಲ್ಲದ ವಿಧವೆ ಗಂಡನ ಮನೆತನದ ಮನೆಗೆ ಹೋಗಬೇಕು. ಜಮಖಂಡಿಯ ಆ ದೊಡ್ಡ ಮನೆಯಲ್ಲಿ ಅಡುಗೆಮನೆಗೆ ಹತ್ತಿದ ಒಂದು ಕೋಣೆಯಿದೆ. ಆಕೆ ಮದುವೆಯಾಗಿ ಹೋದಾಗ ಅಲ್ಲಿ ಮಾವನವರ ವಿಧವೆ ತಂಗಿ ಇರುತ್ತಿದ್ದರು. ಯಾರೂ ಅವರಿಗೆ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ಹೊತ್ತು ಹೊತ್ತಿಗೆ ಊಟ ಹಾಕುತ್ತಿದ್ದರು. ಅವರು ಮಾತ್ರ ಹತ್ತಿ ತೆಗೆದುಕೊಂಡು ಬತ್ತಿ ಹೊಸೆಯುತ್ತ ಹೊಸೆಯುತ್ತ, ಮನೆಯ ದೇವರಿಗೆ ನೂರು ವರ್ಷಕ್ಕಾಗುವಷ್ಟು ಬತ್ತಿ ಹೊಸೆದಿಟ್ಟು ಹೋಗಿದ್ದರು. ಆ ಕೋಣೆ ಈಗ ಖಾಲಿ ಇದೆ. ಇಲ್ಲಿ ಪ್ರಯೋಗಕ್ಕೆ ಇನ್ನೊಂದು ತಿಂಗಳಿದೆ. ಆಕೆ ಇಲ್ಲೇ ಇದ್ದು ಅದನ್ನು ಮಾಡಿಸಬೇಕು. ಅದರ ಮುಂದಿನ ನಾಟಕಗಳನ್ನೂ. ಆದರೆ ಇದನ್ನು ಆಕೆ ಭಾವನವರಿಗೆ ಹೇಗೆ ಹೇಳಬೇಕು?

*

ಮಾಸ್ತರರು ಜಮಖಂಡಿಯ ಸಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದ ಹೊಸದರಲ್ಲಿ, ಒಂದು ಹಳೆಯ ಸಂಸ್ಕೃತ ನಾಟಕವನ್ನು ತಾವೇ ಕನ್ನಡಕ್ಕೆ ತಂದು ಬಗಲಲ್ಲಿ ಇಟ್ಟುಕೊಂಡು, ಬನಹಟ್ಟಿಯ ನೇಕಾರರ ಓಣಿಯಲ್ಲಿ ಎರಡು ಖೋಲಿಯ ಮನೆ ಹಿಡಿದರು. ವನವಾಸದಲ್ಲಿರುವ ರಾಣಿ, ವರ್ಷಗಟ್ಟಲೆ ಅಲೆದು ವೇಷ ಮರೆಸಿಕೊಂಡು ಆಕೆಯ ಬಾಗಿಲಿಗೆ ಬರುವ ರಾಜ. ಇಷ್ಟು ಕಥೆ. ನೇಕಾರ ಹುಡುಗರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ.

"ಇದರಾಗ ಕುಸ್ತಿ ಐತೇನ್ರಿ ಮಾಸ್ತರ?"

"ಇಲ್ಲ."

"ಹಂಗಾದರ ಮಂದಿ ಯಾಕ ಕುಂದರತಾರ್ರಿ?"

"ಅದನ್ನ ನೋಡಾಕ ಬಂದೀನಪಾ ನಾನೂ" ಅಂದಿದ್ದರು ಮಾಸ್ತರರು.

ಅವರು ಯಾರಿಗೂ ನಾಟಕ ಹೇಗಿದೆಯೆಂದು ಕೇಳಿದವರಲ್ಲ. ಗಂಗಾರಾಮನ ಮನೆಯಲ್ಲಿ ನಾಲ್ಕು ಮಗ್ಗ. ಅವು ನಡೆದಿರುವಾಗಲೇ ನಡುವೆ ನಿಂತು ಒಂದು ಪ್ರವೇಶವನ್ನು ಓದುವುದು. ಮಾತಿನ ಮೇಲೆ ಅವರ ಕಣ್ಣು, ಮಗ್ಗದ ಮೇಲೆ ಕಿವಿ. ಲಾಳಿ ಓಡುತ್ತಲೇ ಇದ್ದರೆ ಆ ಮಾತಿನ ಮೇಲೆ ಪೆನ್ಸಿಲ್ಲಿನ ಗೆರೆ. ಒಂದೊಂದಾಗಿ ಲಾಳಿಗಳು ನಿಂತರೆ ಆ ಮಾತು ಉಳಿಯಿತು. ಹೀಗೆ ಸೋಸಿ ಸೋಸಿ, ಮೊದಲ ಪ್ರಯೋಗಕ್ಕೆಂದು ಜಮಖಂಡಿಗೇ ಒಯ್ದರು. ಮೊದಲ ಸಾಲಿನಲ್ಲಿ ಅಣ್ಣ ಶ್ರೀಧರರಾಯರು, ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಅವರ ಎಡಬಲಕ್ಕೆ ವಕೀಲರು, ಶಾಸ್ತ್ರಿಗಳು. ಮೂರನೆಯ ಅಂಕ ನಡೆದಾಗ ಮಾಸ್ತರರು ಪರದೆಯ ಹಿಂದೆ ವಿದೂಷಕನ ಪಾರ್ಟಿನ ಪಾಂಡಪ್ಪನ ಭುಜ ಹಿಂಡಿ, "ಕೇಳು, ಒಂದ ಸಪ್ಪಳಿಲ್ಲ. ಗೆದ್ದಿವಿ!" ಅಂದಿದ್ದರಂತೆ.

ಮರುದಿನ ಬಸ್ಸಿನಲ್ಲಿ ಬರುವಾಗ ಇಂದಿರಾಬಾಯಿ ಮೆಲ್ಲಗೆ ಹೇಳಿದ್ದಳು: "ಭಾವನವರು ಮಲಗಿದ್ದರು."

"ಯಾವಾಗ?"

"ಮೂರನೇ ಅಂಕದಾಗ. ಬಾಯಿ ತೆರದಿತ್ತು."

"ದಾದಾಗ ಮೊದಲಿಂದಾನೂ ನಿದ್ದಿ ಭಾಳ. ಉಳದವರು?"

"ಅವರೂ. ಕಂದೀಲಿಗೆ ಎಣ್ಣಿ ಹಾಕೋ ಮನಷಾ ಒಬ್ಬ ಎಚ್ಚರಿದ್ದ."

 ಮಾಸ್ತರರ ಹೊಟ್ಟೆ ಕುಣಿಯತೊಡಗಿತು. ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುವಂತೆ ನಕ್ಕರು. ಕಣ್ಣೊರೆಸಿಕೊಂಡು ಕೇಳಿದರು: "ಎಲ್ಲಿಂದ ಮಲಗಿದ್ರು? ಯಾವ ಮಾತಿಗೆ?"

"ರಾಣಿ ಚಂದ್ರನ್ನ ವರ್ಣನಾ ಮಾಡ್ತಾಳಲ್ಲ, ಅಲ್ಲಿಂದ."

"ಅದ್ಹೆಂಗ? ಆ ಮಾತಿಗೆ ನಾಲ್ಕೂ ಮಗ್ಗ ನಿಂತಿದ್ದವು!"

"ಅವತ್ತ ನೀವು ಅದನ್ನ ಓದಿದ್ದು ಮಗ್ಗದವರು ಊಟಕ್ಕ ಏಳೋ ಹೊತ್ತಿಗೆ."

ಮಾಸ್ತರರು ಈ ಸಲ ನಗಲಿಲ್ಲ.  "ಹಂಗಾದ್ರ ಆಕಿ ಏನ ಮಾಡಬೇಕು? ಗಂಡ ಬಾಗಿಲಾಗ ನಿಂತಾನ. ಗುರುತ ಸಿಕ್ಕದ. ಆದ್ರ ಹೇಳೂ ಹಂಗಿಲ್ಲ."

"ಅಷ್ಟ ದೂರದಿಂದ ನಡದು ಬಂದಾನ" ಅಂದಳು ಇಂದಿರಾಬಾಯಿ. "ಮೊದಲ ನೀರು ಕೊಡಬೇಕು."

ಮನೆಗೆ ಬಂದವರೇ ಮಾಸ್ತರರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. "ಕೊಡು ನೋಡೂಣು ನೀರು" ಅಂದರು. ಆಕೆ ತಂಬಿಗೆ ತಂದು ಕೊಟ್ಟಳು. ಕೊಡುವಾಗ ಆಕೆ ಅವರ ಮುಖ ನೋಡಲಿಲ್ಲ; ಧೂಳು ಮೆತ್ತಿದ ಪಾದ ನೋಡಿದಳು. ಮಾಸ್ತರರು ನೀರು ಕುಡಿಯುವುದನ್ನೇ ಮರೆತು ನಿಂತರು. ಚಂದ್ರನ ಮಾತುಗಳೆಲ್ಲ ಅಂದೇ ಹೋದವು. ರಾಣಿ ನೀರು ಕೊಡುತ್ತಾಳೆ, ಪಾದ ನೋಡುತ್ತಾಳೆ, ಅಷ್ಟೇ. ಗಂಗಾರಾಮ ಅದನ್ನು ಮಗ್ಗಗಳ ನಡುವೆ ಮಾಡಿ ತೋರಿಸಿದ ದಿನ, ಊಟದ ಹೊತ್ತು ಇನ್ನೂ ದೂರವಿತ್ತು, ತಂಗೆವ್ವ ಲಾಳಿ ಕೈಬಿಟ್ಟು ಗಂಡನನ್ನೇ ದಿಟ್ಟಿಸಿ ನೋಡಿದ್ದಳು.

ಅಲ್ಲಿಂದ ಮುಂದೆ ಪ್ರತಿಯೊಂದು ಪ್ರವೇಶವೂ ಮಗ್ಗಕ್ಕೆ ಹೋಗುವ ಮೊದಲು ಅಡುಗೆಮನೆಗೆ ಬಂತು. ಗಂಗಾರಾಮನಿಗೆ ಮಾಸ್ತರರು ಹೆಂಡತಿಯನ್ನು ತೋರಿಸಿ ಹೇಳುತ್ತಿದ್ದುದು ಒಂದೇ ಮಾತು: "ಬಾಯಾರು ನಿಲ್ಲೋದು ನೋಡು. ಬಾಯಾರು ತಿರಗೋದು ನೋಡು."

*

ಬಸ್ಸು ಬಂತು. ಶ್ರೀಧರರಾಯರು ಎಪ್ಪತ್ತರ ಮೇಲಿನವರಾದರೂ ನೆಟ್ಟಗೆ ನಡೆದು ಬಂದು ತಮ್ಮನ ಮುಖ ನೋಡಿದರು. ಅಳಲಿಲ್ಲ. "ನನಗಿಂತ ಸಣ್ಣಾಂವ" ಎಂದಷ್ಟೇ ಅಂದರು. ಕ್ರಿಯೆಗೆ ಕೂಡಬೇಕಾದ ಅವರ ಮಗ ಅನಂತನನ್ನು ಹಿತ್ತಲಿಗೆ ಕರೆದೊಯ್ದು ತಲೆ ಬೋಳಿಸಲು ಹಡಪದವನ ಮುಂದೆ ಕೂಡಿಸಿದರು. ಹೆಣ ಹೊರಲು ರಬಕವಿಯಿಂದ ಅವರ ಜಾತಿಯ ನಾಲ್ವರು ಬಂದಿದ್ದರು. ಹೆಣಕ್ಕೆ ಸ್ನಾನ ಮಾಡಿಸುವ ಹೊತ್ತಿಗೆ ಇಂದಿರಾಬಾಯಿಯನ್ನು ಒಳಗಿನ ಖೋಲಿಗೆ ಕಳಿಸಿದರು. ಗಂಗಾರಾಮ ಹಿತ್ತಲಿನಿಂದ ಪಾರಾಗಬೇಕೆಂದು ಎದ್ದವನು, ಅಲ್ಲಿ ಗಂಡಸರ ಗುಂಪು ಕಂಡು ಮತ್ತೆ ಒಳಗೆ ಬಂದು, ಆ ಖೋಲಿಯ ಬಾಗಿಲಿಗೆ ಒರಗಿ ನಿಂತುಬಿಟ್ಟಿದ್ದ.

ಅಷ್ಟರಲ್ಲಿ ರಾಯರು ಅಲ್ಲಿಗೇ ಬಂದರು.

ಮೂವತ್ತು ವರ್ಷಕ್ಕೂ ಮಿಕ್ಕಿ ಇಂದಿರಾಬಾಯಿ ಭಾವನವರ ಎದುರು ನಿಂತು ಒಂದು ಮಾತು ಆಡಿದವಳಲ್ಲ, ಅವರೂ ಆಕೆಯೊಡನೆ ನೇರ ಮಾತಾಡಿದವರಲ್ಲ. ಮನೆತನದ ರೀತಿಯೇ ಅದು. ನಡುವೆ ಅತ್ತೆ ಇರುತ್ತಿದ್ದರು, ಇಲ್ಲವೇ ಅನಂತ, ಇಲ್ಲವೇ ಭಾಂಡೆ ತಿಕ್ಕುವಾಕೆ. ಯಾರೂ ಇಲ್ಲದಾಗ ರಾಯರು ಬೆಕ್ಕಿಗೆ ಹೇಳಿ ಹೋದದ್ದೂ ಉಂಟು. ಈಗ ಅವರು ಅತ್ತ ಇತ್ತ ನೋಡಿ, ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ಹೆಂಗಸನ್ನು ಕಂಡರು.

"ಯಾರವಾ ನೀನು? ಇಂದಿರಾಬಾಯಿ ತವರಿನಾಕಿ ಏನು?"

ಗಂಗಾರಾಮ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ. ಬಾಯಿ ತೆರೆದರೆ ತಾಲೀಮಿನ ಹೆಣ್ಣುದನಿಯೇ ಹೊರಗೆ ಬಂತು. "ಹೌದ್ರಿ."

"ಛಲೋ ಆತು. ಆಕಿಗೆ ಹೇಳು, ಹದಿಮೂರು ದಿನ ಮುಗದ ಕೂಡಲೆ ಜಮಖಂಡಿಗೆ ಹೋಗೋದು. ಈ ಮನಿ ಬಿಡಿಸ್ತೀನಿ. ನಾ ಇರೂತನಕ ಆಕಿಗೆ ಏನೂ ಕಮ್ಮಿ ಆಗೂದಿಲ್ಲ ಅಂತ ಹೇಳು."

ಗಂಗಾರಾಮ ಅರ್ಧ ಒಳಕ್ಕೆ ತಿರುಗಿದ. "ಜಮಖಂಡಿಗೆ ಬರ್ರಿ ಅಂತಾರ್ರಿ."

ಅದು ಇಂದಿರಾಬಾಯಿಗೆ ಆಗಲೇ ಕೇಳಿಸಿತ್ತು.  "ನಾ ಬರೂದಿಲ್ಲ ಅಂತ ಹೇಳು" ಅಂದಳು.

ಗಂಗಾರಾಮ ರಾಯರ ಕಡೆ ತಿರುಗಿ, ತಲೆ ತಗ್ಗಿಸಿ, "ವಿಚಾರ ಮಾಡಿ ಹೇಳ್ತೀನಿ ಅಂತಾರ್ರಿ" ಅಂದ.

"ನಾ ಹಂಗ ಅಂದೆನೇನು?" ಒಳಗಿನ ದನಿ ಚುರುಕಾಯಿತು. ಗಂಡ ಸತ್ತ ಮನೆ, ಹೊರಗೆ ಭಾವನವರು, ಎರಡೂ ಆ ಕ್ಷಣಕ್ಕೆ ಆಕೆಯ ತಲೆಯಿಂದ ಹೋದವು. ಮಾತು ಕೆಟ್ಟಿತ್ತು, ಅದನ್ನು ನೆಟ್ಟಗೆ ಮಾಡಬೇಕಿತ್ತು. "ತಲಿ ಯಾಕ ತಗ್ಗಿಸ್ತಿ? ನೀ ಭಿಕ್ಷಾ ಬೇಡಾಕತ್ತಿಲ್ಲ. ಕಾಲು ಊರಿ ನಿಲ್ಲು. 'ಬರೂದಿಲ್ಲ' ಅಂದು ಸ್ವಲ್ಪ ತಡಿ, ಅವರಿಗೆ ಮುಟ್ಟಲಿ. ಆಮ್ಯಾಲೆ ಇಲ್ಲೇ ಇದ್ದು ನಾಟಕ ಮಾಡಸ್ತೀನಿ ಅಂತ ಹೇಳು. ದನಿ ಏರಸಬ್ಯಾಡ."

ಗಂಗಾರಾಮನ ಮೈ ತಾನಾಗಿ ನೆಟ್ಟಗಾಯಿತು. ಇಂಥ ಮಾತಿಗೆ ಅದು ಪಳಗಿತ್ತು.

"ಬಾಯಾರು ಬರೂದಿಲ್ಲ ಅಂತಾರ್ರಿ." ತಡೆದ. ರಾಯರ ಮುಖಕ್ಕೆ ಅದು ಮುಟ್ಟಿದ್ದು ಕಂಡಿತು. "ಇಲ್ಲೇ ಇರ್ತಾರಂತ. ನಾಟಕ ಆಗಬೇಕಂತ."

ಅಂಗಳದ ಬಾವಿಯಲ್ಲಿ ಪಾಂಡಪ್ಪ ನೀರು ಸೇದುವ ಸದ್ದು ನಿಂತಿತು. ಶ್ರೀಧರರಾಯರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ನಾಟಕ? ಮಾಡಸಾಂವ ಅಲ್ಲಿ ಮಲಗ್ಯಾನ. ಇನ್ನ ಆ ನೇಕಾರ ಗಂಡಸರಿಗೆ ಸೀರಿ ಉಡಿಸಿ ಯಾರು ಕುಣಸ್ತಾರ? ನೀನ ಹೇಳವಾ, ನೀನೂ ಹೆಣ್ಣಮಗಳು. ಗಂಡಸು ಎಷ್ಟ ಚಂದ ಸೀರಿ ಉಟ್ಟರೂ ಹೆಂಗಸ ಆಗ್ತಾನೇನು?"

ಗಂಗಾರಾಮ ಅವರನ್ನು ನೋಡಿದ. ಅವರಾಚೆ ಪಡಸಾಲೆಯಲ್ಲಿ ಮಲಗಿದ್ದ ಮಾಸ್ತರರನ್ನು ನೋಡಿದ.  "ನಾ ಏನಂತ ಹೇಳ್ಲಿರಿ ರಾಯರ" ಎಂದು ತನ್ನ ಸ್ವಂತ ದಪ್ಪ ದನಿಯಲ್ಲಿ ಗೋಳೋ ಎಂದು ಅತ್ತುಬಿಟ್ಟ. ಸೆರಗು ಜಾರಿತು. ಅರಳೆಯ ಎಳೆ ಮೆತ್ತಿದ ಗಿಡ್ಡ ಕೂದಲಿನ ತಲೆ ಹೊರಗೆ ಬಂತು.

ರಾಯರು ಒಂದು ಹೆಜ್ಜೆ ಹಿಂದೆ ಸರಿದರು.

"ಅಂವ ನಮ್ಮ ಗಂಗಾರಾಮ ರೀ" ಅಂದ ಪಾಂಡಪ್ಪ ಬಾವಿಯ ಹಗ್ಗ ಹಿಡಿದೇ, ಏನು ಹೇಳಿದರೆ ಏನಾದೀತೋ ಎಂಬ ಅಂಜಿಕೆಯಲ್ಲಿ. "ರಾಣಿ ಪಾರ್ಟು."

ರಾಯರು ಗಂಗಾರಾಮನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಗೋಡೆ ಹಿಡಿದು ಹೊಸ್ತಿಲ ಮೇಲೆ ಕೂತರು. "ನಿಂತದ್ದು ಖರೇ ಆಕಿ ನಿಂತಂಗ ಇತ್ತು" ಅಂದರು, ಯಾರಿಗೆಂದಿಲ್ಲ. "ಅದಕ್ಕ ತವರಿನಾಕಿ ಅಂದೆ." ಅವರ ಗಂಟಲಿನಿಂದ ವಿಚಿತ್ರ ಸದ್ದೊಂದು ಬಂತು. ನಗು ಅದು. ಒಮ್ಮೆ ಬಂತು, ಮತ್ತೊಮ್ಮೆ ಬಂತು, ಮೂರನೆಯದು ಅರ್ಧದಲ್ಲೇ ಒಡೆದು ಅಳುವಾಯಿತು. "ಹೋದ ಮ್ಯಾಲೂ ನನ್ನ ಆಟಾ ಆಡಿಸಿದ್ಯಲ್ಲೋ ವಿಠ್ಠೂ" ಎನ್ನುತ್ತ, ಬಂದಾಗಿನಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತರು.

ಒಳಗೆ ಇಂದಿರಾಬಾಯಿಯೂ ಅತ್ತಳು. ಆಕೆ ಇಲ್ಲಿರುವುದೋ ಜಮಖಂಡಿಗೆ ಹೋಗುವುದೋ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಹೊತ್ತಾಗುತ್ತದೆಂದು ಯಾರೋ ಅವಸರಿಸಿದರು. ಚಟ್ಟ ಎದ್ದಿತು.

*

ಗಂಡಸರು ಹೋದ ಮೇಲೆ ಮನೆ ತೊಳೆದರು. ಇಂದಿರಾಬಾಯಿ ತಲೆಗೆ ನೀರು ಹಾಕಿಕೊಂಡು ಬಂದು ಒಳಗಿನ ಬಾಗಿಲ ಹತ್ತಿರ ಕೂತಳು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ಹೊರಗೆ ಕಟ್ಟೆಯ ಮೇಲೆ ತಂಗೆವ್ವ ಒಬ್ಬಳೇ ಉಳಿದಿದ್ದಳು.

"ಬಾಯಾರ, ಹೋಗತೀರೇನ್ರಿ?"

"ಗೊತ್ತಿಲ್ಲವಾ."

"ರಾಯರು ಒಲ್ಲೆ ಅಂದಿಲ್ಲಲ್ರಿ."

"ಹೂಂ ಅಂತನೂ ಅಂದಿಲ್ಲ."

ತಂಗೆವ್ವ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೀವು ಹೋದರ ನನ್ನ ಗಂಡ ಸೀರಿ ಉಡೂದು ಬಿಡತಾನ್ರಿ" ಅಂದಳು. "ಅವ್ನ ನೀರು ತರೂದೂ ತಪ್ಪತೈತಿ. ಒಂದು ತಿಂಗಳಿಂದ ನಾ ಕೊಡ ಮುಟ್ಟಿಲ್ಲ ನೋಡ್ರಿ."

ಇಂದಿರಾಬಾಯಿ ಆ ದಿನ ಎರಡನೆಯ ಸಲ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇಳಿಹೊತ್ತಿಗೆ ಗಂಡಸರು ಹಳ್ಳದಲ್ಲಿ ಮಿಂದು ಒದ್ದೆ ಮೈಯಲ್ಲಿ ಬಂದರು. ದೀಪ ನೋಡಿ ಒಬ್ಬೊಬ್ಬರೇ ಮನೆಗೆ ಹೊರಟರು. ಗಂಗಾರಾಮ ಯಾರದೋ ಧೋತರ ಉಟ್ಟಿದ್ದ; ಅದರಲ್ಲಿ ಅವನಿಗೆ ನಡೆಯಲು ಬರದೆ ಎರಡು ಸಲ ಎಡವಿದ. ಪಾಂಡಪ್ಪ ಮಾತ್ರ ಹೋಗದೆ ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡ.

"ಬಾಯಾರ, ಇವತ್ತ ಕೇಳಬಾರದು. ಆದರೂ ಕೇಳತೇನಿ. ಕಂಚುಕಿ ಪಾರ್ಟು ಮಾಸ್ತರು ತಾವ ಮಾಡತಿದ್ರು. ಇನ್ನ ಅದಕ್ಕ ಯಾರ್ರಿ?"

ಕಂಚುಕಿ ಅಂದರೆ ಅಂತಃಪುರದ ಮುದಿ ಸೇವಕ, ವನವಾಸಕ್ಕೂ ರಾಣಿಯ ಬೆನ್ನಿಗೆ ಬಂದವನು. ಕೋಲು ಊರುತ್ತ ಬಂದು ನಾಲ್ಕು ಮಾತು ಹೇಳಿ ಹೋಗುತ್ತಾನೆ. ಅವನು ಬರದೆ ರಾಣಿಯ ಬಾಗಿಲು ತೆರೆಯುವುದಿಲ್ಲ.

"ನಿಮ್ಮೊಳಗ ಯಾರರೆ ಮಾಡ್ರಿ."

"ನಾವೆಲ್ಲಾ ಹರೇದವರು. ಹಿಟ್ಟು ಬಳಕೊಂಡು ಮುದುಕ ಆದರ ಮಾಸ್ತರು ಬಡೀತಿದ್ರು. 'ಮುದುಕನ ಪಾರ್ಟಿಗೆ ಮುದುಕನ ಬೇಕು' ಅಂತಿದ್ರು."

"ನೋಡೂಣು" ಅಂದಳು ಇಂದಿರಾಬಾಯಿ.

ಕಟ್ಟೆಯ ಮೇಲೆ ಕೂತಿದ್ದ ಶ್ರೀಧರರಾಯರು ಇದನ್ನೆಲ್ಲ ಕೇಳಿದರು.  ಪಾಂಡಪ್ಪ ಹೋದ. ತಂಗೆವ್ವ ಹೋದಳು. ದಿನವಿಡೀ ಉಪವಾಸವಿದ್ದ ಅನಂತ ಬರಿ ನೆಲದ ಮೇಲೆ ಹಾಗೇ ನಿದ್ದೆ ಹೋದ. ಇಂದಿರಾಬಾಯಿ ದೀಪಕ್ಕೆ ಎಣ್ಣೆ ಹಾಕಲು ಎದ್ದಳು.

ಹೊರಗೆ ಟಕ್ ಎಂದಿತು. ಸ್ವಲ್ಪ ತಡೆದು ಇನ್ನೊಮ್ಮೆ, ಟಕ್.

ಆಕೆ ಬಾಗಿಲ ಸಂದಿಯಿಂದ ನೋಡಿದಳು. ಸಂಜೆಯ ಕೆಂಪು ಬೆಳಕು ಅಂಗಳದಲ್ಲಿ ಇನ್ನೂ ಇತ್ತು. ಶ್ರೀಧರರಾಯರು, ಚಟ್ಟಕ್ಕೆ ಕಡಿದು ಮಿಕ್ಕಿದ್ದ ಬಿದಿರಿನ ತುಂಡೊಂದನ್ನು ಊರಿಕೊಂಡು, ಬಾವಿಯಿಂದ ತುಳಸಿಕಟ್ಟೆಯ ಕಡೆ ನಡೆಯುತ್ತಿದ್ದರು. ನಡು ಅರ್ಧಕ್ಕೆ ಬಾಗಿತ್ತು. ಬಲಗೈಯನ್ನು 'ಅಯ್ಯೋ' ಎಂಬಂತೆ ಸೊಂಟದ ಮೇಲಿಟ್ಟಿದ್ದರು. ಕೋಲು ಹಿಡಿದ ಎಡಗೈಯನ್ನು ಬೇಕೆಂದೇ ನಡುಗಿಸುತ್ತಿದ್ದರು. ಮುಂಜಾನೆ ಅದೇ ಅಂಗಳದಲ್ಲಿ ನೆಟ್ಟಗೆ ನಡೆದು ಬಂದವರು ಅವರೇ. ತುಳಸಿಕಟ್ಟೆ ಮುಟ್ಟಿ, ಓಣಿಯ ಕಡೆ ಕಳ್ಳನ ಹಾಗೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಿರುಗಿ ಮತ್ತೆ ಬಾವಿಯ ಕಡೆ ಹೊರಟರು.

ಇಂದಿರಾಬಾಯಿಯ ಕೈಯಲ್ಲಿ ಎಣ್ಣೆಯ ಬಟ್ಟಲು ಹಾಗೇ ಇತ್ತು. ನಡುವೆ ಹೇಳಿ ಕಳಿಸಲು ಯಾರೂ ಇರಲಿಲ್ಲ.

"ಅಷ್ಟ ಬಾಗಬ್ಯಾಡ್ರಿ" ಅಂದಳು.

ರಾಯರು ನಿಂತಲ್ಲೇ ನಿಂತರು. ತಿರುಗಿ ನೋಡಲಿಲ್ಲ.

"ಮುದುಕರು ತಮಗ ವಯಸ್ಸಾಗಿಲ್ಲ ಅಂತ ತೋರಿಸ್ಕೋತ ನಡೀತಾರ. ಕೋಲಿನ ಮ್ಯಾಲೆ ಭಾರ ಹಾಕಬ್ಯಾಡ್ರಿ. ಸುಮ್ಮನ ಹಿಡಕೋರಿ."

ಒದ್ದೆ ಧೋತರದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ರಾಯರು ಸೊಂಟದ ಮೇಲಿನ ಕೈ ತೆಗೆದರು. ಬೆನ್ನನ್ನು ಒಂದಿಷ್ಟು, ಇನ್ನೊಂದಿಷ್ಟು ಎತ್ತಿದರು. ಬಾವಿಕಟ್ಟೆಯವರೆಗೆ ಹಿಂದೆ ಹೋಗಿ, ಬಿದಿರನ್ನು ಬೆರಳ ತುದಿಯಲ್ಲಿ ಹಗುರಾಗಿ ಹಿಡಿದು, ಮೊದಲ ಹೆಜ್ಜೆಯಿಂದ ಶುರುಮಾಡಿದರು.